ಬೇವಿನ ಟೊಂಗೆಗೆ ಕಾಲಂ ಇರಲಿಲ್ಲ

ಕಳೆದ ವರ್ಷ ಭತ್ತದ ಕೊಯ್ಲಿಗೆ ಇನ್ನೂ ಹದಿನೈದು ದಿನ ಇದ್ದಾಗ ನಮ್ಮ ಮಾಲೀಕರು ನನ್ನ ಮೇಜಿನ ಮೇಲೆ ಹೊಸದೊಂದು ಟ್ಯಾಬ್ ತಂದಿಟ್ಟು, "ಮೇಡಂ, ಈ ಸಲ ರಿಜಿಸ್ಟರ್ ಬ್ಯಾಡ್ರಿ. ಎಲ್ಲಾ ಇದ್ರಾಗ ಆಗ್ಬೇಕು" ಎಂದರು. ನಾನು ಒಲ್ಲೆ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದವಳು ನಾನೇ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ನಮ್ಮದು ಭತ್ತದ ಬೀಜ ಸಂಸ್ಕರಿಸುವ ಸಣ್ಣ ಘಟಕ. ರೈತರ ಹೊಲದಲ್ಲಿ ಬೆಳೆದ ಬೀಜದ ಭತ್ತ ಇಲ್ಲಿಗೆ ಬಂದು ಕಣದಲ್ಲಿ ಒಣಗುತ್ತದೆ, ಯಂತ್ರದಲ್ಲಿ ಜೊಳ್ಳು ಕಳೆದುಕೊಳ್ಳುತ್ತದೆ, ಮೊಳಕೆ ಪರೀಕ್ಷೆ ಮುಗಿಸಿ ಚೀಲ ಸೇರುತ್ತದೆ, ಮುಂದಿನ ಹಂಗಾಮಿಗೆ ಮತ್ತೆ ರೈತರ ಕೈಗೆ ಹೋಗುತ್ತದೆ. ಪರೀಕ್ಷೆಯ ಕೋಣೆ ನನ್ನ ಹೊಣೆ. ಲಿಂಗಸುಗೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇನೆ. ನನಗೊಂದು ರೋಗವಿದೆ, ಬರೆದದ್ದು ನೀಟಾಗಿರಬೇಕು. ಕಣದ ರಿಜಿಸ್ಟರಿನಲ್ಲಿ ಚಹಾದ ಕಲೆ, ನಾಲ್ಕು ತರಹದ ಕೈಬರಹ, ಒಂದು ಲಾಟಿನ, ಅಂದರೆ ಒಟ್ಟಿಗೆ ಬಂದ ಒಂದು ಕಂತು ಭತ್ತದ, ಸಾಲಿನಲ್ಲಿ ಇನ್ನೊಂದರ ಅಂಕಿ ಕಂಡರೆ ಮೈ ಉರಿದುಹೋಗುತ್ತಿತ್ತು.

ಟ್ಯಾಬಿನಲ್ಲಿ ಬಂದದ್ದು ಬೀಜದ ವ್ಯಾಪಾರಕ್ಕೆಂದೇ ಮಾಡಿದ ಲೋ-ಕೋಡ್ ತಂತ್ರಾಂಶ. ಕೋಡ್ ಬರೆಯಲು ಬರದವರೂ ಚೌಕಗಳನ್ನು ಎಳೆದು, ಒಂದರ ಕೆಳಗೊಂದು ಜೋಡಿಸಿ, ತಮ್ಮ ಕೆಲಸಕ್ಕೆ ಬೇಕಾದಂತೆ ಪರದೆಗಳನ್ನು ಮಾಡಿಕೊಳ್ಳಬಹುದು. ಲಾಟು, ತಳಿ, ಮೊಳಕೆ ಶೇಕಡಾ, ಚೀಲದ ಚೀಟಿ ಎಲ್ಲವೂ ಅದಕ್ಕೆ ಮೊದಲೇ ಗೊತ್ತಿದ್ದವು. ಕಂಪ್ಯೂಟರ್ ತರಗತಿಯ ಮೆಟ್ಟಿಲು ಹತ್ತದ ನಾನು ಒಂಬತ್ತು ದಿನದಲ್ಲಿ ಇಡೀ ಘಟಕವನ್ನು ಅದರೊಳಗೆ ಇಳಿಸಿದೆ. ಗೊರೇಬಾಳದ ಯಾವ ಹೊಲದ ಭತ್ತ ಯಾವ ಚೀಲಕ್ಕೆ ಹೋಯಿತು ಎಂಬುದು ಬೆರಳ ತುದಿಗೆ ಬಂತು. ಮೊದಲು ತಪಾಸಣೆಗೆ ಅಧಿಕಾರಿಗಳು ಬಂದರೆ ಎರಡು ದಿನ ಕಾಗದ ಹುಡುಕುತ್ತಿದ್ದೆವು. ಈಗ ಅವರ ಚಹಾ ಆರುವುದರೊಳಗೆ ವರದಿ ಸಿದ್ಧ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಓದಿ ಆ ತಂತ್ರಾಂಶವೇ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು.

ಅದಕ್ಕೆ ತಿಳಿಯದಿದ್ದದ್ದು ನಮ್ಮ ಕಣ. ದೊಡ್ಡ ಕಂಪನಿಗಳಲ್ಲಿ ಬಿಸಿಗಾಳಿಯ ಯಂತ್ರದಲ್ಲಿ ಭತ್ತ ಒಣಗಿಸುತ್ತಾರೆ. ಗುಂಡಿ ಒತ್ತಿದರೆ ಇಷ್ಟು ಗಂಟೆಗೆ ಇಷ್ಟು ಒಣಗಿತು ಎಂದು ಲೆಕ್ಕ. ನಮ್ಮಲ್ಲಿ ಸಿಮೆಂಟಿನ ಕಣ, ಬಿಸಿಲು, ಹನ್ನೆರಡು ಮಂದಿ ಹೆಂಗಸರು. ಬೆಳಿಗ್ಗೆ ಭತ್ತ ಹರವಿ, ತಾಸಿಗೊಮ್ಮೆ ಸಾಲಾಗಿ ನಡೆದು ಕಾಲಲ್ಲೇ ಅದನ್ನು ತಿರುವುತ್ತಾರೆ. ಇಳಿಹೊತ್ತಿಗೆ ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ಅವರ ಮುಂದಾಳು ವಳಕಮದಿನ್ನಿಯ ಒಬ್ಬ ವಿಧವೆ; ಅವಳನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಆ ಕಣದಲ್ಲಿ ನಡೆದವಳು. ಭತ್ತದ ಮೇಲೆ ನಾಲ್ಕು ಹೆಜ್ಜೆ ಇಟ್ಟು, "ಇನ್ನಾ ಹಸಿ ಐತಿ" ಎಂದರೆ ನನ್ನ ಮೀಟರೂ ಅದನ್ನೇ ಹೇಳುತ್ತಿತ್ತು. ಓದು ಬರಹ ಅವಳಿಗೆ ಬರುತ್ತಿರಲಿಲ್ಲ.

ಆ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಇನ್ನೂ ಒಣಗದ ರಾಶಿಯ ನೆತ್ತಿಯ ಮೇಲೆ ಬೇವಿನ ಟೊಂಗೆ ಚುಚ್ಚುತ್ತಿದ್ದರು. ಟೊಂಗೆ ಇದ್ದ ರಾಶಿಯನ್ನು ಹಮಾಲರು ಮುಟ್ಟುವಂತಿಲ್ಲ. ಎಲೆ ಎಷ್ಟು ಬಾಡಿದೆ ಎಂದು ನೋಡಿದರೆ ಚುಚ್ಚಿ ಎಷ್ಟು ದಿನವಾಯಿತು ಎಂದೂ ತಿಳಿಯುತ್ತಿತ್ತು. ಇನ್ನೊಂದು ಕಟ್ಟಳೆ, ಚುಚ್ಚಿದವಳೇ ಅದನ್ನು ಕೀಳಬೇಕು. ಮಾಲೀಕರು ಹೇಳಿದರೂ ಬೇರೆ ಕೈ ಅದಕ್ಕೆ ಹೋಗುತ್ತಿರಲಿಲ್ಲ.

ತಂತ್ರಾಂಶದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಬಂತು, ಒಣಗಿತು, ಶುದ್ಧವಾಯಿತು, ಚೀಲವಾಯಿತು ಎಂದು ಮುಂದಕ್ಕಷ್ಟೇ ಹೋಗುವ ದಾರಿ ಅದು. 'ಒಣಗುತ್ತಿದೆ' ಎಂಬ ಹಂತದಲ್ಲಿ ಮೂರು ದಿನ ದಾಟಿದರೆ ಲಾಟಿನ ಹೆಸರು ಕೆಂಪಾಗುತ್ತಿತ್ತು. ತಡೆ ಎಂದು ಒಂದು ಗುಂಡಿ ಮಾಡಬಹುದಿತ್ತೇನೋ, ನಾನು ಮಾಡಲಿಲ್ಲ. ಬದಲಿಗೆ ಎಲ್ಲರನ್ನೂ ಕೂರಿಸಿಕೊಂಡು, ಇನ್ನು ಟೊಂಗೆ ಗಿಂಗೆ ಬೇಡ, ಮೊಬೈಲ್‌ನಲ್ಲಿ ಹಸಿರು ಬಂದರೆ ರಾಶಿ ಎತ್ತಬೇಕು, ಇಲ್ಲದಿದ್ದರೆ ಇಲ್ಲ ಎಂದು ಪಾಠ ಹೇಳಿದೆ. ಮೇಸ್ತ್ರಿ ನಕ್ಕಳು.

"ಅಲ್ರಿ ಮೇಡಂ, ಮೊಬೈಲಿಗೆ ಕಾಲು ಐತೇನ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳಿಗಾಗಿಯೇ ಅಕ್ಷರವಿಲ್ಲದ ಒಂದು ಪರದೆ ಮಾಡಿಕೊಟ್ಟೆ. ಅದರಲ್ಲಿ ಲಾಟಿನ ಬಣ್ಣ, ಒಂದು ರಾಶಿಯ ಚಿತ್ರ ಅಷ್ಟೇ. ಭತ್ತ ಒಣಗಿದ ಮೇಲೆ ರಾಶಿಯ ಚಿತ್ರ ಒತ್ತಬೇಕು, ಒತ್ತಿದರೆ ಲಾಟು ಹಸಿರಾಗುತ್ತದೆ. ಇಂಥ ಸಣ್ಣ ಉಪಾಯಗಳು ಹೊಳೆದಾಗ ನನಗೆ ನನ್ನ ಮೇಲೇ ಅಭಿಮಾನ ಉಕ್ಕುತ್ತಿತ್ತು.

ಇನ್ನೊಂದು ಉಪಾಯವನ್ನೂ ಮಾಡಿದ್ದೆ. ಚೀಲದ ಚೀಟಿಯ ಮೇಲೆ ಚೌಕಾಕಾರದ ಕ್ಯೂಆರ್ ಗುರುತು ಇರುತ್ತದಲ್ಲ, ಅದನ್ನು ರೈತ ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಬೀಜದ ಪೂರ್ತಿ ಚರಿತ್ರೆ ಕಾಣಬೇಕು, ಬೆಳೆದವರು ಯಾರು, ಒಣಗಿಸಿದವರು ಯಾರು ಎಂಬುದು ಸಮೇತ. "ಅಮ್ಮಾ, ಇನ್ನ ಪ್ರತಿ ಚೀಲದಾಗ ನಿಮ್ಮ ಹೆಸರು ಇರ್ತೈತಿ" ಎಂದು ಮೇಸ್ತ್ರಿಗೆ ತೋರಿಸಿದೆ. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿ, ಆ ಸಾಲಿನ ಮೇಲೆ ಬೆರಳಿಟ್ಟಳು. "ನಮ್ಮೂರಾಗ ತೋರಿಸ್ತೀನ್ರಿ" ಎಂದಳು.

ಈಗ ನನ್ನ ತಪ್ಪಿನ ವಿಷಯ. ತೇವಾಂಶ ಅಳೆಯಲು ಘಟಕದಲ್ಲಿದ್ದ ಒಂದೇ ಮೀಟರ್ ಕೊಯ್ಲಿನ ಮೊದಲ ವಾರವೇ ಕೆಟ್ಟು ರಿಪೇರಿಗೆ ಹೋಯಿತು. ಆದರೆ ತೇವಾಂಶದ ಅಂಕಿ ಇಲ್ಲದೆ ತಂತ್ರಾಂಶ ಮುಂದಿನ ಹಂತಕ್ಕೆ ಬಿಡುತ್ತಿರಲಿಲ್ಲ. ಬೀಜದ ಭತ್ತದಲ್ಲಿ ತೇವ ಶೇಕಡಾ ಹದಿಮೂರಕ್ಕಿಂತ ಹೆಚ್ಚಿರಬಾರದು. ಮೀಟರ್ ಬರುವವರೆಗೆ ಮಾತ್ರ ಎಂದುಕೊಂಡು ಆ ಕಾಲಂನಲ್ಲಿ ಹನ್ನೆರಡೂವರೆ ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಿದೆ; ತಂತ್ರಾಂಶದ ಭಾಷೆಯಲ್ಲಿ ಅದಕ್ಕೆ ಡಿಫಾಲ್ಟ್ ಎನ್ನುತ್ತಾರೆ. ಮೂರು ಸಲ ಬೆರಳು ತಾಗಿಸಿದ್ದಕ್ಕೆ ಕೆಲಸ ಮುಗಿಯಿತು. ಅದೇ ದಿನ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಕಣದಲ್ಲೊಮ್ಮೆ, ನನ್ನ ಕೋಣೆಯಲ್ಲೊಮ್ಮೆ ಒಂದೇ ಅಂಕಿಯನ್ನು ಎರಡು ಸಲ ಬರೆಯುವುದು ಯಾಕೆ ಎಂದು, ನನ್ನ ಪರದೆಯ ತೇವಾಂಶ ಕಣದ ಪರದೆಯಿಂದಲೇ ಬರುವಂತೆ ಜೋಡಿಸಿದೆ. ಎಂಟು ದಿನಕ್ಕೆ ಮೀಟರ್ ಬಂತು. ಡಿಫಾಲ್ಟ್ ತೆಗೆಯಲು ನಾನು ಮರೆತೆ, ಅಂಕಿ ಮೊದಲೇ ತುಂಬಿರುತ್ತಿದ್ದುದರಿಂದ ಯಾರೂ ಅಳೆಯಲಿಲ್ಲ, ಹನ್ನೆರಡೂವರೆ ಹಾಗೇ ಉಳಿಯಿತು. ಸಾಲು ಸಾಲಾಗಿ ನಿಂತ ಆ ಹನ್ನೆರಡೂವರೆಗಳನ್ನು ನೋಡಿ, ಈ ಸಲ ಕಣದವರು ಎಷ್ಟು ಚೊಕ್ಕಟವಾಗಿ ಕೆಲಸ ಮಾಡುತ್ತಿದ್ದಾರೆ ಎಂದು ಸಂತೋಷಪಟ್ಟಿದ್ದೂ ಉಂಟು. ಇಷ್ಟು ವರ್ಷ ಬೀಜ ನೋಡಿದವಳಿಗೆ, ಬೇರೆ ಬೇರೆ ಹೊಲದ ಭತ್ತ ಒಂದೇ ಅಂಕಿಗೆ ಒಣಗುವುದಿಲ್ಲ ಎಂಬುದು ಹೊಳೆಯಬೇಕಿತ್ತು.

ಕೆಂಪು ಬಣ್ಣ ನನಗೆ ಸಹಿಸಲಾಗುತ್ತಿರಲಿಲ್ಲ. ಬೆಳಿಗ್ಗೆ ಟ್ಯಾಬ್ ತೆರೆದಾಗ ಒಂದು ಕೆಂಪು ಸಾಲು ಕಂಡರೆ ಕಣಕ್ಕೆ ಹೋಗಿ ಮಾತು ಎತ್ತುತ್ತಿದ್ದೆ. ಮೂರು ದಿನದೊಳಗೆ ಚಿತ್ರ ಒತ್ತಲು ಏನು ಕಷ್ಟ ಎಂದು ಮೇಸ್ತ್ರಿಗೆ ಎರಡು ಸಲ ಎಲ್ಲರ ಮುಂದೆ ಅಂದಿದ್ದೆ.

ಗೊರೇಬಾಳದ ಒಬ್ಬ ರೈತರ ಭತ್ತ ಬಂದಾಗ ಮೋಡ ಮುಸುಕಿತ್ತು, ಬೆಳಗಿನ ಮಂಜೂ ಸೇರಿಕೊಂಡಿತ್ತು. ಮೂರು ದಿನವಾದರೂ ರಾಶಿ ಒಣಗಲಿಲ್ಲ. ಮೂರನೆಯ ದಿನ ಸಂಜೆ ಮೇಸ್ತ್ರಿ ಚಿತ್ರವನ್ನೂ ಒತ್ತಿದಳು, ರಾಶಿಗೆ ಬೇವಿನ ಟೊಂಗೆಯನ್ನೂ ಚುಚ್ಚಿದಳು. ಮರುದಿನ ಅವಳು ಮಸ್ಕಿಗೆ ನೆಂಟರ ಮದುವೆಗೆ ಹೋದಳು. ಯಂತ್ರ ನಡೆಸುವವನು ಮೊಬೈಲ್ ನೋಡಿದ, ಹಸಿರು ಇತ್ತು. ರಾಶಿ ನೋಡಿದ, ಟೊಂಗೆ ಇತ್ತು. ನಾನು ಹೇಳಿದ್ದ ಮಾತಿನಂತೆ ನಡೆದುಕೊಂಡ. ಹಮಾಲರು ಟೊಂಗೆ ಕಿತ್ತೆಸೆದು ರಾಶಿ ಎತ್ತಿದರು.

ಇದೆಲ್ಲ ನನಗೆ ಗೊತ್ತಾಗಿದ್ದು ಏಳೆಂಟು ತಿಂಗಳ ನಂತರ. ರಾಶಿ ಎತ್ತಿದ ಹೊತ್ತಿಗೆ ನಾನು ಮಾಡಿದ್ದು ಇಷ್ಟೇ. ಆ ಲಾಟಿನ ಮಾದರಿ ತೆಗೆದು, ಒಂದು ಭಾಗವನ್ನು ನಿಯಮದಂತೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಕಪಾಟಿನಲ್ಲಿಟ್ಟೆ. ಕೊಯ್ದ ಕೂಡಲೇ ಮೊಳೆಯದ ಹೊಸ ಭತ್ತದ ನಿದ್ದೆ ಕಳೆಯಲು ಕೆಲ ವಾರ ಬಿಟ್ಟು ಮೊಳಕೆಗೆ ಹಾಕಿದೆ. ನೂರಕ್ಕೆ ಎಂಬತ್ತು ಬಂದರೆ ಸಾಕು, ಎಂಬತ್ತನಾಲ್ಕು ಬಂತು. ಸಹಿ ಹಾಕಿದೆ. ಹಸಿ ಬೀಜ ಅಷ್ಟು ಬೇಗ ಸಾಯುವುದಿಲ್ಲ. ಬೇಸಿಗೆಯ ಗೋದಾಮಿನಲ್ಲಿ, ಒಟ್ಟಿದ ಚೀಲಗಳ ಥಪ್ಪಿಯ ಒಳಗಿನ ಸೆಕೆಯಲ್ಲಿ ದಿನಕ್ಕಷ್ಟು ಸಾಯುತ್ತದೆ. ಹೊರಗಿನಿಂದ ನೋಡಿದರೆ ಕಾಳು ಬಂಗಾರದಂತೆಯೇ ಇರುತ್ತದೆ.

ಮುಂಗಾರಿನಲ್ಲಿ ಕಾಲುವೆಗೆ ನೀರು ಬರುವ ಸುದ್ದಿ ಹಬ್ಬಿ ರೈತರು ಸಸಿಮಡಿ ಹಾಕಿದರು. ಹತ್ತನೆಯ ದಿನಕ್ಕೆ ಗೊರೇಬಾಳದಿಂದ ಐದಾರು ಜನ ಬೈಕಿನಲ್ಲಿ ಬಂದರು. ಮಡಿಯಲ್ಲಿ ಸಸಿ ಅಲ್ಲೊಂದು ಇಲ್ಲೊಂದು ಎದ್ದಿದೆ, ಮತ್ತೆ ಮಡಿ ಹಾಕಿದರೆ ನಾಟಿ ಹಿಂದೆ ಬೀಳುತ್ತದೆ. ಅವರಲ್ಲೊಬ್ಬ ಚೀಟಿ ಸ್ಕ್ಯಾನ್ ಮಾಡಿ ಮಾಲೀಕರ ಮುಖದ ಮುಂದೆ ಹಿಡಿದ.

"ಒಣಗಿಸಿದವ್ರ ಹೆಸರು ಇಲ್ಲೇ ಐತಲ್ರಿ. ಹಸಿ ಭತ್ತ ತುಂಬ್ಯಾಳ, ಹನ್ನೆರಡೂವರೆ ಅಂತ ಬರ್ಸ್ಯಾಳ."

ಮಾಲೀಕರು ಬೇರೆ ಬೀಜ ಕೊಟ್ಟು ಅವರನ್ನು ಸಮಾಧಾನ ಮಾಡಿದರು. ಸಂಜೆ ಮೇಸ್ತ್ರಿಯನ್ನು ಕರೆಸಿದರು. ನಾನೂ ಇದ್ದೆ.

"ಒಣಗಲಾರ್ದ ಯಾಕ ಒತ್ತಿದಿಬೇ?"

"ಕೆಂಪು ಬಂದ್ರ ಮೇಡಂ ಬೈತಾರಂತ ಒತ್ತಿದ್ನಿರಿ ಸಾವ್ಕಾರ್ರ. ರಾಶಿ ಎತ್ತಬ್ಯಾಡ್ರಿ ಅಂತ ಟೊಂಗಿ ಚುಚ್ಚಿದ್ನಿ."

"ಟೊಂಗಿ ಎಲ್ಲೈತಿ ಈಗ? ಹನ್ನೆರಡೂವರೆ ಅಂತ ಇಲ್ಲಿ ಐತಿ ನೋಡು, ನಿನ್ನ ಹೆಸರಿನ ಮುಂದ."

"ಆ ಹನ್ನೆರಡೂವರಿ ಏನಂತ ನನಗ ಗೊತ್ತಿಲ್ರಿ. ನಾ ಬರೀ ಚಿತ್ರ ಒತ್ತೀನಿ."

ಅವಳು ನನ್ನ ಕಡೆ ನೋಡಿದಳು. ನಾನು ಟ್ಯಾಬಿನ ಕಡೆ ನೋಡಿದೆ. ಆಗ ನನಗೆ ಡಿಫಾಲ್ಟಿನ ನೆನಪು ಬಂದಿರಲಿಲ್ಲ ಎಂದರೆ ನಂಬಿ, ಅದು ನಿಜ. ಆದರೆ ಬೈಯುತ್ತಿದ್ದುದು ನೆನಪಿತ್ತು. ಅಷ್ಟನ್ನಾದರೂ ಹೇಳಬಹುದಿತ್ತು. ಮಾಲೀಕರು ಅವಳಿಗೆ ನಾಳೆಯಿಂದ ಬರಬೇಡ ಎಂದರು. ಅವಳು ಕಣದ ಮೂಲೆಯಲ್ಲಿಟ್ಟಿದ್ದ ಬುತ್ತಿಗಂಟು ತೆಗೆದುಕೊಂಡು ಹೋದಳು. ಮರುದಿನ ಉಳಿದ ಹನ್ನೊಂದು ಹೆಂಗಸರಲ್ಲಿ ಏಳು ಜನ ಬರಲಿಲ್ಲ.

ಮೂರನೆಯ ದಿನ ಕಪಾಟಿನಲ್ಲಿದ್ದ ಆ ಲಾಟಿನ ಮಾದರಿ ತೆಗೆದೆ. ಗಾಳಿಯಾಡದ ಚೀಲದಲ್ಲಿ ಮುಚ್ಚಿದ್ದರಿಂದ ತೇವ ಅಂದಿನಷ್ಟೇ ಇರುತ್ತದೆ. ಮೀಟರಿಗೆ ಹಾಕಿದೆ. ಹದಿನೈದು ದಾಟಿತ್ತು. ಇನ್ನೊಂದು ಸಲ ಹಾಕಿದೆ, ಅಷ್ಟೇ. ಹಾಗಾದರೆ ಹನ್ನೆರಡೂವರೆ ಬಂದದ್ದು ಎಲ್ಲಿಂದ ಎಂದು ತಂತ್ರಾಂಶದ ಒಳಗೆ ಕೂತು ಹುಡುಕತೊಡಗಿದೆ. ಒಂದೊಂದೇ ಲಾಟು ತೆರೆದೆ. ಮೀಟರ್ ಕೆಟ್ಟ ದಿನದಿಂದ ಹಂಗಾಮು ಮುಗಿಯುವವರೆಗೆ ಎಲ್ಲವೂ ಹನ್ನೆರಡೂವರೆ. ಉಳಿದ ಲಾಟುಗಳು ಬಚಾವಾದದ್ದು ಮೇಸ್ತ್ರಿಯ ಕಾಲಿನಿಂದ, ನನ್ನ ಕಾಲಂನಿಂದ ಅಲ್ಲ.

ಬದಲಾವಣೆಗಳ ಪಟ್ಟಿ ಎಂಬ ಒಂದು ಪುಟ ಇತ್ತು. ನಾನು ಅದನ್ನು ಎಂದೂ ತೆರೆದಿರಲಿಲ್ಲ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಅದರಲ್ಲಿ ತಾನಾಗಿ ದಾಖಲಾಗುತ್ತದೆ. ತೇವಾಂಶದ ಡಿಫಾಲ್ಟ್ ಹನ್ನೆರಡೂವರೆ ಎಂಬ ಸಾಲಿನ ಮುಂದೆ ನನ್ನ ಹೆಸರಿತ್ತು, ದಿನಾಂಕ, ಗಂಟೆ, ನಿಮಿಷ ಸಮೇತ. ಅದರ ಕೆಳಗೇ ಎರಡು ಪರದೆಗಳನ್ನು ಜೋಡಿಸಿದ ಸಾಲು, ಅದರ ಮುಂದೆಯೂ ನಾನೇ. ಹಳೆಯ ರಿಜಿಸ್ಟರ್ ಆಗಿದ್ದರೆ ಇಷ್ಟು ಸ್ಪಷ್ಟವಾಗಿ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಅಳೆಯದ ಅಂಕಿ ತಾನಾಗಿ ಹುಟ್ಟುತ್ತಲೂ ಇರಲಿಲ್ಲ. ಯಾರಾದರೂ ಪೆನ್ನು ಹಿಡಿದು ಸುಳ್ಳು ಬರೆಯಬೇಕಾಗುತ್ತಿತ್ತು, ಬರೆಯುವಾಗ ಕೈ ಒಮ್ಮೆಯಾದರೂ ತಡೆಯುತ್ತಿತ್ತು. ಕೆಲಸ ಸುಲಭವಾದಂತೆ ತಪ್ಪೂ ಸುಲಭವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬೇರೆಯವರ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೇನೆ. ಆ ದಿನ ಅದು ನನ್ನ ಕಡೆಗೇ ತಿರುಗಿ ನಿಂತಿತ್ತು.

ಆ ಪುಟ ಘಟಕದಲ್ಲಿ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದರೆ ಅದು ಮುಚ್ಚಿಯೇ ಇರುತ್ತಿತ್ತು. ಅರ್ಧ ದಿನ ಹಾಗೆಯೇ ಯೋಚಿಸಿದೆ ಕೂಡ. ನನಗೂ ಸಂಬಳ ಬೇಕು. ಮಧ್ಯಾಹ್ನ ಕಣದ ಕಡೆ ಹೋದಾಗ ಹೊಸದಾಗಿ ಬಂದ ನಾಲ್ಕು ಹೆಂಗಸರು ಕೋಲಿನಿಂದ ಭತ್ತ ತಿರುವುತ್ತಿದ್ದರು. ಹಿಂದಿರುಗಿ ಟ್ಯಾಬ್ ಎತ್ತಿಕೊಂಡು ಮಾಲೀಕರ ಕೋಣೆಗೆ ಹೋದೆ.

ಅವರು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇರ್ಲಿ ಬಿಡ್ರಿ ಮೇಡಂ. ಆಕಿ ಹೆಂಗಿದ್ರೂ ಹೋಗ್ಯಾಳ. ಈಗ ಇದನ್ನ ಹೊರಗ ಹೇಳಿದ್ರ, ಕಂಪನಿನ ತಪ್ಪು ಮಾಡೇತಿ ಅಂತಾರ. ನಾಳೆ ನಮ್ಮ ಬೀಜ ಯಾರ್ ಒಯ್ತಾರ್ರಿ?"

"ಆಕಿ ಹೆಸರು ಚೀಟಿಮ್ಯಾಲ ಐತ್ರಿ."

"ಅದನ್ನ ತೆಗೀರಿ ಮತ್ತ. ನಿಮಗ ಬರ್ತೈತಲ್ಲ."

ಬರುತ್ತದೆ ಎಂದೇ ನಾನೂ ತಿಳಿದಿದ್ದೆ. ಡಿಫಾಲ್ಟ್ ಕಿತ್ತೆಸೆಯಲು, ಎರಡು ಪರದೆಗಳನ್ನು ಬಿಡಿಸಲು, ತಡೆ ಎಂದು ಹೊಸ ಗುಂಡಿ ಮಾಡಿ ಅದನ್ನು ಒತ್ತಿದವರೇ ತೆಗೆಯಬೇಕು ಎಂಬ ಕಟ್ಟಳೆ ಸೇರಿಸಲು ಒಂದು ತಾಸು ಸಾಕಾಯಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದು. ಆದರೆ ಆ ಹಳೆಯ ಲಾಟನ್ನು ತಿದ್ದಲು ಹೋದರೆ ತಂತ್ರಾಂಶ ಬಿಡಲಿಲ್ಲ. ಅದನ್ನು ಮಾರಿದವರಿಗೆ ಫೋನ್ ಮಾಡಿದೆ. ಮಾರಾಟವಾದ ಲಾಟಿಗೆ ಬೀಗ ಬೀಳುತ್ತದೆ, ಯಾರೂ ಆಮೇಲೆ ಅಂಕಿ ತಿದ್ದಿ ರೈತರಿಗೆ ಮೋಸ ಮಾಡಬಾರದು ಎಂದೇ ಹಾಗೆ ಮಾಡಿದ್ದೇವೆ ಎಂದು ಆ ಕಡೆಯವನು ವಿನಯದಿಂದ ವಿವರಿಸಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಭಾನುವಾರ ವಳಕಮದಿನ್ನಿಗೆ ಹೋದೆ. ಮೇಸ್ತ್ರಿ ನಾಟಿಯ ಗುಂಪಿನಲ್ಲಿದ್ದಳು. ನನ್ನನ್ನು ನೋಡಿ ಗದ್ದೆಯಿಂದ ಎದ್ದು ಬಂದು, ಕಾಲುವೆಯಲ್ಲಿ ಕಾಲು ತೊಳೆದುಕೊಂಡು, ಬದುವಿನ ಮೇಲೆ ಕೂತಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹನ್ನೆರಡೂವರೆ ನನ್ನದು, ನಿಮ್ಮದಲ್ಲ, ಕಣಕ್ಕೆ ಬನ್ನಿ, ಮಾಲೀಕರಿಗೆ ನಾನು ಹೇಳುತ್ತೇನೆ ಎಂದೆ.

"ನಾ ಒಣಗಿಸಿದ್ದು ಹೌದೋ ಅಲ್ಲೋ ನನಗ ಗೊತ್ತಿಲ್ಲೇನ್ರಿ ಮೇಡಂ? ನನಗ ಗೊತ್ತಿದ್ದದ್ದ ನನಗ ಹೇಳಾಕ ಬಿಸಿಲಾಗ ಇಷ್ಟು ದೂರ ಬಂದೀರಿ." ಅವಳು ಸೆರಗಿನಿಂದ ಕಾಲು ಒರೆಸಿಕೊಂಡಳು. "ಗೊರೇಬಾಳದಾಗ ಹೇಳೀರೇನು?"

ಇಲ್ಲ ಎಂದೆ.

"ನಮ್ಮ ತಂಗಿ ಮಗಳನ್ನ ಆ ಊರಿಗೆ ಕೊಟ್ಟೀವ್ರಿ. ನಾಟಿಗೆ ನಮ್ಮ ಗುಂಪು ಅಲ್ಲಿಗೆ ಹೋಗ್ತಿತ್ತು, ಈ ವರ್ಷ ಬ್ಯಾಡ ಅಂದಾರ. ಕಣಕ್ಕ ನಾ ಬರಂಗಿಲ್ರಿ. ಹನ್ನೆರಡೂವರಿ ಚುಚ್ಚಿದಾಕಿನ ಅದನ್ನ ಕೀಳಬೇಕು, ನಿಮಗ ಗೊತ್ತೈತಲ್ಲ. ಹೋಗ್ರಿ, ಬಸ್ಸಿನ ಹೊತ್ತಾತು."

ಅವಳು ಮತ್ತೆ ಕೆಸರಿಗಿಳಿದಳು. ನಾನು ತಪಾಸಣೆ ಮುಗಿಸಿದ ಅಧಿಕಾರಿಯಂತೆ ಬದುವಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆದೆ. ನಾಚಿಕೆಯಿಂದ ಹಿಂದೆ ತಿರುಗಿ ನೋಡಲಾಗಲಿಲ್ಲ.

ಮರುದಿನ ಆ ಲಾಟಿನ ಬೀಜ ಯಾರು ಯಾರು ಒಯ್ದರು ಎಂದು ತಂತ್ರಾಂಶವನ್ನು ಕೇಳಿದೆ. ನಿಮಿಷದಲ್ಲಿ ಹನ್ನೊಂದು ಹೆಸರು ಬಂದವು, ಎಲ್ಲವೂ ಗೊರೇಬಾಳದವು. ಪಟ್ಟಿ ಅಚ್ಚು ತೆಗೆದು, ಮಾಲೀಕರ ಮೇಜಿನ ಮೇಲೆ ರಜೆ ಚೀಟಿ ಇಟ್ಟೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ, ಪಟ್ಟಿ ನನ್ನ ಕೈಯಲ್ಲೇ ಇತ್ತು. "ಯೋಚನೆ ಮಾಡ್ರಿ ಮೇಡಂ" ಎಂದಷ್ಟೇ ಹೇಳಿದರು.

ಗೊರೇಬಾಳಕ್ಕೆ ಆಟೊದಲ್ಲಿ ಹೋದೆ. ಮೊದಲ ಹೆಸರಿನ ಮನೆಯ ಕಟ್ಟೆಯ ಮೇಲೆ ಯಜಮಾನರು ಕೂತಿದ್ದರು. ವಯಸ್ಸಾದವರು, ಹಣೆಯ ತುಂಬ ವಿಭೂತಿ. ನೀರು ಕೊಡಿಸಿದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ, ಆ ಅಂಕಿಯನ್ನು ಹಾಕಿದವಳು ನಾನು, ಒಣಗಿಸಿದಾಕೆಯ ತಪ್ಪಿಲ್ಲ, ರಾಶಿ ಮುಟ್ಟಬೇಡಿ ಎಂದು ಅವಳು ಟೊಂಗೆ ಚುಚ್ಚಿದ್ದಳು ಎಂದೆ.

"ಆಕಿ ಬಂದಿದ್ಲು ತಂಗಿ," ಎಂದರು ಅವರು. "ಇಲ್ಲೇ, ನೀ ಕುಂತಲ್ಲೇ ಕುಂತಿದ್ಲು. ಟೊಂಗಿ ಚುಚ್ಚಿದ್ನಿ ಅಂತ ಆಣಿ ಮಾಡಿದ್ಲು. ನಾವು ಮೊಬೈಲ್ ತೋರಿಸಿ ಕಳಿಸಿದ್ವಿ."

ಅವರು ಒಳಗೆ ಹೋಗಿ ಗೂಡಿನಲ್ಲಿಟ್ಟಿದ್ದ ಚೀಟಿ ತಂದರು. ಕನ್ನಡಕ ಹಾಕಿಕೊಂಡು, ಮೊಬೈಲ್ ಹಿಡಿದು, ನಿಧಾನವಾಗಿ ಸ್ಕ್ಯಾನ್ ಮಾಡಿ ನನ್ನ ಕಡೆ ತಿರುಗಿಸಿದರು. ನಾನೇ ಮಾಡಿದ ನೀಟಾದ ಪರದೆ. ತೇವಾಂಶ ಹನ್ನೆರಡೂವರೆ. ಒಣಗಿಸಿದವರು ಎಂಬುದರ ಮುಂದೆ ಅವಳ ಹೆಸರು.

"ಇಲ್ಲಿ ಇನ್ನಾ ಹಂಗ ಐತಲ್ಲ ತಂಗಿ?"

"ಅದು ಹಂಗ ಇರ್ತೈತ್ರಿ. ತಿದ್ದಾಕ ಬರಂಗಿಲ್ಲ. ಅದಕ್ಕ ನಾ ಬಂದೀನ್ರಿ."

ಅವರು ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಪಟ್ಟಿಯಲ್ಲಿ ಇನ್ನೂ ಹತ್ತು ಮನೆಗಳಿದ್ದವು. ಎರಡನೆಯದು ಕಾಲುವೆಯ ಆಚೆ ಇತ್ತು. ದಾರಿ ತೋರಿಸುತ್ತೇನೆ ಎಂದು ಅವರೂ ಎದ್ದರು.